ಹತ್ತೊಂಬತ್ತು ಸೆಕೆಂಡು

ಉಸಿರು ಕತ್ತರಿಸುವುದು ಅವಳ ಕೆಲಸವಾಗಿತ್ತು.

ಕಟುಕರ ಕೆಲಸವಲ್ಲ. ರೇಡಿಯೋ ನಿಲಯದಲ್ಲಿ ಕಲಿಯಲು ಬಂದವಳ ಕೆಲಸ. ಮಾತಾಡುವವರು ಮಾತಿನ ನಡುವೆ ಉಸಿರೆಳೆಯುತ್ತಾರೆ, ಉಗುಳು ನುಂಗುತ್ತಾರೆ, ಏನು ಹೇಳಲಿ ಎಂದು ತಡವರಿಸುತ್ತಾರೆ. ಅದೊಂದೂ ಕೇಳುವವರ ಕಿವಿಗೆ ಬೀಳಬಾರದು. ಕಂಪ್ಯೂಟರಿನ ಪರದೆಯ ಮೇಲೆ ದನಿಯೆಂಬುದು ಗಂಟುಗಂಟಾದ ಹಗ್ಗದ ಹಾಗೆ ಕಾಣುತ್ತದೆ. ದಪ್ಪ ಗಂಟು ಮಾತು. ಸಣ್ಣ ಗಂಟು ಉಸಿರು. ಗಂಟಿಲ್ಲದ ಬರಿಯ ಎಳೆ ಮೌನ. ಸಣ್ಣ ಗಂಟು ಹುಡುಕಬೇಕು, ಕತ್ತರಿಸಬೇಕು, ಎರಡು ತುದಿ ಸೇರಿಸಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ.

ಅವಳಿಗೆ ಮೂವತ್ತಾರು ವರ್ಷ. ಮನೆಯಲ್ಲೂ ಓಣಿಯಲ್ಲೂ ಎಲ್ಲರಿಗೂ ಅವಳು ಅಕ್ಕ. ನಿಲಯದಲ್ಲಿ ಮಾತ್ರ 'ಕಲಿಕೆ'. "ಏ ಕಲಿಕೆ, ವಯರು ಸುತ್ತು." "ಕಲಿಕೆ, ಮೈಕಿನ ಸ್ಟ್ಯಾಂಡು ಎತ್ಕೊಂಡು ಬಾ." ಅದಕ್ಕೆ ಮುಂಚೆ ಹದಿನೈದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದಿದ್ದಳು. ರಕ್ತದ ಬಟ್ಟೆ, ಕೀವಿನ ಬಟ್ಟೆ, ಹೆರಿಗೆಯದು, ಹೆಣಕ್ಕೆ ಹೊದಿಸಿದ್ದು, ಎಲ್ಲ ಒಂದೇ ತೊಟ್ಟಿಗೆ. ಸೋಡಾ ನೀರಿನಲ್ಲಿ ಅದ್ದಿ ಅದ್ದಿ ಬೆರಳಿನ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿದು, ಕೊನೆಗೆ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಸಂಜೆಶಾಲೆಗೆ ಹೋಗಿ ಹತ್ತನೆಯ ತರಗತಿ ಮುಗಿಸಿದಾಗ ಅವಳಿಗೆ ಮೂವತ್ತನಾಲ್ಕು.

ಆ ವರ್ಷವೇ ನಿಲಯದವರು 'ದುಡಿಯುವವರ ದನಿ' ಎಂಬ ಕಾರ್ಯಕ್ರಮ ಶುರುಮಾಡಿದ್ದು. ಶುರುವೇನೋ ಆಯಿತು, ಆದರೆ ದುಡಿಯುವವರು ಬಾಗಿಲು ತೆಗೆಯಲಿಲ್ಲ. ಮೈಕು ಕಂಡರೆ ಹೆಂಗಸರು ಒಳಗೆ ಸರಿದುಬಿಡುತ್ತಿದ್ದರು. ಓಣಿಯವಳೇ ಒಬ್ಬಳು ಬೇಕಾದಳು.

"ನಿನ್ನ ಮುಖ ನೋಡಿದ್ರೆ ಬಾಗಿಲು ತೆಗೀತಾರಮ್ಮ. ನಮಗೆ ನೀನು ಬೀಗದ ಕೈ ಇದ್ದ ಹಾಗೆ," ಎಂದಿದ್ದ ನಿರೂಪಕ. ಊರಿಗೆಲ್ಲ ಅವನು 'ಜೇನುಗಂಟಲು'. ಅವನು ನಮಸ್ಕಾರ ಎಂದರೆ ಅಡುಗೆಮನೆಯಲ್ಲಿರುವ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ ಎಂಬ ತಮಾಷೆಯಿತ್ತು. "ಎರಡು ವರ್ಷ ಕಲಿ. ಆಮೇಲೆ ಕಾಯಂ. ಒಂದು ದಿನ ನೀನೂ ಮೈಕಿನ ಮುಂದೆ ಕೂರ್ತೀಯ."

ಬೀಗದ ಕೈಯನ್ನು ಯಾರೂ ಕುರ್ಚಿಯ ಮೇಲೆ ಕೂರಿಸುವುದಿಲ್ಲ. ಗೋಡೆಗೆ ನೇತುಹಾಕುತ್ತಾರೆ. ನಿಲಯದಲ್ಲಿ ಕುರ್ಚಿಗಳು ಅತಿಥಿಗಳಿಗೆ. ಅಕ್ಕ ಹಳೆಯ ಯಂತ್ರ ಬಂದಿದ್ದ ಒಂದು ಮರದ ಪೆಟ್ಟಿಗೆಯನ್ನು ಕವುಚಿಹಾಕಿ ಅದರ ಮೇಲೆ ಕೂರುತ್ತಿದ್ದಳು. ಮೊದಲ ಹತ್ತು ತಿಂಗಳು ಬರೀ ವಯರು ಹೊತ್ತಳು. ಹೆಗಲ ಮೇಲೆ ವಯರಿನ ಸುರುಳಿ, ಎರಡು ಕೈಯಲ್ಲೂ ಸ್ಟ್ಯಾಂಡು, ಕುತ್ತಿಗೆಗೆ ಮೈಕಿನ ಚೀಲ. ಜೇನುಗಂಟಲಿನವನು ಮುಂದೆ ಕೈಬೀಸಿಕೊಂಡು ನಡೆಯುವನು. ಬಾಗಿಲ ಹತ್ತಿರ ಬಂದಾಗ ಅವನು ಹಿಂದೆ ಸರಿಯುವನು, ಇವಳು ಮುಂದೆ ಬರುವಳು. ಬಾಗಿಲು ತೆರೆದ ಮೇಲೆ ಮತ್ತೆ ಅವನು ಮುಂದೆ.

ಒಂದು ಸಲ ಧೈರ್ಯ ಮಾಡಿ ಕೇಳಿದಳು. "ಸರ್, ಒಂದೇ ಒಂದು ಸಾಲು ನಾನು ಓದಲಾ? ಕೊನೇಲಿ ಫೋನ್ ನಂಬರು ಹೇಳ್ತೀರಲ್ಲ, ಅದು."

ಅವನು ನಗಲಿಲ್ಲ. ಮೈಕಿನ ಮುಂದೆ ನಿಲ್ಲಿಸಿ ಓದಿಸಿದ. ಕಣ್ಣುಮುಚ್ಚಿ ಪೂರ್ತಿ ಕೇಳಿದ. ಆಮೇಲೆ ಹೇಳಿದ: "ನಿನ್ನ ದನೀಲಿ ಇನ್ನೂ ಬಟ್ಟೆ ಕುದಿಯೋ ಸದ್ದಿದೆ ಕಣಮ್ಮ. ಅದು ಹೋಗ್ಲಿ, ನೋಡೋಣ."

ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಗದೆ ಇನ್ನೇನು ಮಾಡುವುದು.

ಕತ್ತರಿಸುವುದನ್ನು ಕಲಿಸಿದವನು ಯಂತ್ರದವನು. ಯಾವಾಗಲೂ ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಿದ್ದ, ಹಾಗಾಗಿ ಎಲ್ಲರಿಗೂ 'ಮೀಟರ್ ಮಾಮ'. ನಿವೃತ್ತಿಗೆ ವರ್ಷವಿತ್ತು. ಯಾರ ಗೊಡವೆಗೂ ಹೋಗದ ಮನುಷ್ಯ.

"ನೋಡವ್ವ, ರೇಡಿಯೋದಲ್ಲಿ ಮೌನ ಅಂದ್ರೆ ಹೆಣ. ಮೂರು ಸೆಕೆಂಡು ಮೀರಿತು ಅಂದ್ರೆ ಕೇಳೋನು ಪೆಟ್ಟಿಗೆ ಕೆಟ್ಟಿದೆ ಅಂತ ತಟ್ತಾನೆ. ಐದು ಅಂದ್ರೆ ಬೇರೆ ನಿಲಯ ಹಾಕ್ತಾನೆ. ಮೂರು ಮೀರಿದ್ದು ಕಂಡ್ರೆ ಕೇಳಬೇಡ, ತೆಗೆದುಬಿಡು."

ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದು ಕಲಿಯುವವರ ಪಾಲಿಗಲ್ಲ. ಜೇನುಗಂಟಲಿನವನು ಒಂದು ಚೀಟಿ ಬರೆದುಕೊಡುವನು. ಅದರಲ್ಲಿ ಮಾತು ಇರುವುದಿಲ್ಲ, ಬರಿಯ ಹೊತ್ತು: ಎರಡು ನಿಮಿಷ ಹತ್ತರಿಂದ ಮೂರು ನಿಮಿಷ ಐದರವರೆಗೆ ತೆಗೆ. ಅವಳು ತೆಗೆಯುವಳು. ಇಡೀ ಸಂದರ್ಶನ ಕೇಳುವಷ್ಟು ಹೊತ್ತು ಯಾರಿಗಿದೆ? ಬೆಸುಗೆ ಹಾಕಿದ ಜಾಗ ಮಾತ್ರ ಕೇಳಬೇಕು. ಬೆಸುಗೆಗೆ ಮುಂಚೆ ಎರಡು ಸೆಕೆಂಡು, ಆಮೇಲೆ ಎರಡು ಸೆಕೆಂಡು. ಕತ್ತರಿಸಿದ್ದು ಗೊತ್ತಾಗಬಾರದು, ಅಷ್ಟೆ.

ಅವಳ ಬೆಸುಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಒಗೆಯೋ ಕೈ ನೋಡು, ಒಂದು ಕಲೆ ಬಿಡಲ್ಲ," ಎಂದು ಜೇನುಗಂಟಲಿನವನು ಬಂದವರಿಗೆಲ್ಲ ಹೇಳುತ್ತಿದ್ದ. ಅದು ಹೊಗಳಿಕೆಯೋ ಚುಚ್ಚುಮಾತೋ ಅವಳಿಗೆ ತಿಳಿಯುತ್ತಿರಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡಳು. ಬಡವರ ಮನೆಯಲ್ಲಿ ಸಿಕ್ಕಿದ್ದನ್ನು ಎಸೆಯುವುದಿಲ್ಲ.

ಕಾಯಂ ಆಗಲು ಇನ್ನು ಆರು ತಿಂಗಳು ಇರುವಾಗ ತಂಗಿಯ ಕೈ ಹೋಯಿತು.

ತಂಗಿ ಅವಳಿಗಿಂತ ಎಂಟು ವರ್ಷ ಚಿಕ್ಕವಳು, ಅದೇ ಲಾಂಡ್ರಿಯಲ್ಲಿ ರೋಲರ್ ಮುಂದೆ ನಿಲ್ಲುತ್ತಿದ್ದಳು. ಎರಡು ಕಾದ ಉರುಳೆಗಳು, ನಡುವೆ ಒದ್ದೆ ಬಟ್ಟೆ ಕೊಡಬೇಕು, ಆಚೆಯಿಂದ ಒಣಗಿ ಇಸ್ತ್ರಿಯಾಗಿ ಬರುತ್ತದೆ. ಬೆರಳು ಒಳಗೆ ಹೋಗದಂತೆ ಉರುಳೆಯ ಮುಂದೆ ಒಂದು ಅಡ್ಡಕಂಬಿ ಇತ್ತು. ದಪ್ಪ ಬಟ್ಟೆ ಕಂಬಿಗೆ ಸಿಕ್ಕಿಕೊಂಡು ಕೆಲಸ ನಿಧಾನವಾಗುತ್ತದೆ ಎಂದು ಮೇಸ್ತ್ರಿ ಅದನ್ನು ಬಿಚ್ಚಿಸಿ ಮೂಲೆಗಿಟ್ಟಿದ್ದ. ಕಂಬಿ ಹಾಕಿಸಿ ಎಂದು ತಂಗಿ ಮೂರು ಸಲ ಹೇಳಿದ್ದಳು. ಮೂರನೆಯ ಸಲ ಮೇಸ್ತ್ರಿ, "ಕೈ ಮೇಲೆ ಅಷ್ಟು ಪ್ರೀತಿ ಇದ್ರೆ ಮನೇಲಿಟ್ಟು ಬಾ," ಎಂದಿದ್ದ. ಅದಾಗಿ ಒಂಬತ್ತನೆಯ ದಿನ ಒಂದು ಹೊದಿಕೆಯ ಅಂಚು ಬೆರಳಿಗೆ ಸುತ್ತಿಕೊಂಡಿತು. ಯಂತ್ರ ನಿಲ್ಲಿಸುವಷ್ಟರಲ್ಲಿ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು. ಸುಟ್ಟು, ಚಪ್ಪಟೆಯಾಗಿ.

ಅದೇ ಆಸ್ಪತ್ರೆಯಲ್ಲಿ ಕತ್ತರಿಸಿದರು. ಆ ಹಾಸಿಗೆಯ ಮೇಲಿದ್ದ ಬಟ್ಟೆಯನ್ನು ಯಾರು ಒಗೆದರೋ.

ಆಸ್ಪತ್ರೆಯವರು ಬರೆದರು: ಕೆಲಸಗಾರಳ ಅಜಾಗ್ರತೆ. ತಂಗಿಯ ಪರವಾಗಿ ಕಾರ್ಮಿಕ ಕಚೇರಿಗೆ ದೂರು ಹೋಯಿತು. ತಪ್ಪು ಕೈಯದೋ, ತೆಗೆದಿಟ್ಟ ಕಂಬಿಯದೋ? ಅದನ್ನು ತೀರ್ಮಾನಿಸಬೇಕಾಗಿತ್ತು. ಊರಿನಲ್ಲಿ ಮಾತಾಯಿತು. ಮಾತಾದ ಮೇಲೆ ಜೇನುಗಂಟಲಿನವನು ಪೆಟ್ಟಿಗೆಯ ಮೇಲೆ ಕೂತಿದ್ದ ಅಕ್ಕನ ಹತ್ತಿರ ಬಂದ.

"ನಿನ್ನ ತಂಗಿಯಂತೆ?"

"ಹೌದು ಸರ್."

"ಮಾತಾಡ್ತಾಳಾ?"

ಅಕ್ಕನಿಗೆ ಒಂದೂವರೆ ವರ್ಷ ಹೊತ್ತ ವಯರಿಗೆ ಒಂದು ಅರ್ಥ ಬಂತು ಎನಿಸಿತು. "ಮಾತಾಡ್ತಾಳೆ ಸರ್. ಎಲ್ಲಾನೂ ಹೇಳ್ತಾಳೆ."

ಮೂವರು ಹೆಂಗಸರ ಮನೆ ಅದು. ಒಂದೇ ಕೋಣೆ. ಅಮ್ಮ ಹೊರಗೆ ಕೂತು ಓಣಿಯ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದಳು. "ರೇಡಿಯೋದವರು ಬಂದವ್ರೆ, ಕೆಮ್ಮಿದ್ರೆ ಊರಿಗೆಲ್ಲ ಕೇಳ್ಸುತ್ತೆ, ನೋಡ್ಕಳಿ." ಗೋಡೆಯ ಆಚೆ ಓಣಿಯ ನಲ್ಲಿ. ಎಷ್ಟು ತಿರುಪಿದರೂ ನಿಲ್ಲದೆ ಒಂದೇ ಲೆಕ್ಕದಲ್ಲಿ ಹನಿ ಬಕೆಟ್ಟಿಗೆ ಬೀಳುತ್ತಿತ್ತು. ತಂಗಿಗೆ ಜ್ವರ, ನೋವಿನ ಮಾತ್ರೆಯ ಮಂಪರು. ಅಕ್ಕ ತನ್ನ ಕೈಯಾರೆ ತಂಗಿಯ ಬಾಯಿಗೆ ಮೈಕು ಹಿಡಿದಳು.

ತಂಗಿ ಹೇಳಿದಳು. ಕಂಬಿ ಹೇಳಿದಳು, ಮೇಸ್ತ್ರಿ ಹೇಳಿದಳು, ಮೂರು ಸಲ ಕೇಳಿದ್ದು ಹೇಳಿದಳು. ದನಿ ನಡುಗಲಿಲ್ಲ.

ಜೇನುಗಂಟಲಿನವನು ಕೇಳಿದ: "ಇಷ್ಟೆಲ್ಲ ಆದ ಮೇಲೆ ಆಸ್ಪತ್ರೆಯವರು ನಿಮ್ಮನ್ನ ಚೆನ್ನಾಗಿ ನೋಡ್ಕೊಂಡ್ರಾ?"

ತಂಗಿ ಮಾತಾಡಲಿಲ್ಲ. ಬಟ್ಟೆ ಸುತ್ತಿದ ಮೊಂಡನ್ನು ಮಡಿಲಿನಿಂದ ಎತ್ತಿ ನೋಡಿದಳು. ಇತ್ತಿಂದ ನೋಡಿದಳು, ತಿರುಗಿಸಿ ಅತ್ತಿಂದ ನೋಡಿದಳು. ಮತ್ತೆ ಮಡಿಲಿಗೆ ಇಟ್ಟುಕೊಂಡಳು. ಅಕ್ಕನ ತೋಳು ನೋಯತೊಡಗಿತು. ಹನಿ ಬೀಳುತ್ತಲೇ ಇತ್ತು.

"ಹೋಗ್ಲಿ ಬಿಡಿ. ಮನೇಲಿ? ಅಮ್ಮ, ಅಕ್ಕ ಎಲ್ಲ ಹೇಗೆ ನೋಡ್ಕೋತಿದಾರೆ?"

ತಂಗಿ ಮೈಕಿನ ಹಿಂದಿದ್ದ ಅಕ್ಕನ ಮುಖ ನೋಡಿದಳು. "ತುಂಬಾ ಚೆನ್ನಾಗಿ ನೋಡ್ಕೊಂಡಿದಾರೆ. ಏನೂ ಕಡಿಮೆ ಮಾಡಿಲ್ಲ. ನನ್ನ ಪುಣ್ಯ."

ಮರುದಿನ ಚೀಟಿ ಬಂತು. ಮೊದಲ ಸಾಲೇ ಕಂಬಿಯ ಮಾತು. ಅಷ್ಟೂ ತೆಗೆ ಎಂದಿತ್ತು. ಅಕ್ಕ ಚೀಟಿ ಹಿಡಿದು ಹೋಗಿ ಕೇಳಿದಳು.

"ಸರ್, ಅದೇ ಮುಖ್ಯ ಅಲ್ವಾ?"

"ವಿಚಾರಣೆ ನಡೀತಿದೆಯಲ್ಲಮ್ಮ. ನಾವು ಒಬ್ಬರ ಮೇಲೆ ತಪ್ಪು ಹೊರಿಸೋ ಹಾಗಿಲ್ಲ, ಕಾನೂನು. ಅದನ್ನ ಅಧಿಕಾರಿ ಮುಂದೆ ಹೇಳ್ಲಿ. ನಮ್ಮದು ಮನಸ್ಸು ಮುಟ್ಟಬೇಕು, ಅಷ್ಟೆ." ಅದೇ ಆಸ್ಪತ್ರೆಯ ವೈದ್ಯರು ವಾರಕ್ಕೊಂದು ಸಲ ಬಂದು ಆರೋಗ್ಯದ ಮಾತಾಡುತ್ತಿದ್ದರು. ಆ ಗಂಟೆ ನಡೆಯುತ್ತಿದ್ದುದು ಆಸ್ಪತ್ರೆಯ ಜಾಹೀರಾತಿನಿಂದ. ಅದನ್ನು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಕಾನೂನು ಎಂದ ಮೇಲೆ ಅವಳು ಏನು ಹೇಳಿಯಾಳು? ಕತ್ತರಿಸಿದಳು.

ಚೀಟಿಯ ಕೊನೆಯ ಸಾಲು ನಾಲ್ಕೇ ಸೆಕೆಂಡಿನದು. ಜೇನುಗಂಟಲಿನವನ ಕೊನೆಯ ಪ್ರಶ್ನೆ. ಅದನ್ನೂ ತೆಗೆದಳು.

ಉಳಿದದ್ದು ಆ ಮೌನ. ಚೀಟಿಯಲ್ಲಿ ಅದು ಇರಲಿಲ್ಲ. ಇಲ್ಲಿ ಸುಳ್ಳು ಹೇಳಬಾರದು, ಚೀಟಿಯಲ್ಲಿ ಅದು ಇರಲಿಲ್ಲ. ಪರದೆಯ ಮೇಲೆ ಉದ್ದನೆಯ ಬರಿಯ ಎಳೆ, ಹನಿ ಬಿದ್ದಲ್ಲಿ ಸಾಸಿವೆಯಷ್ಟು ಗಂಟು. ಹತ್ತೊಂಬತ್ತು ಸೆಕೆಂಡು. ಮೂರು ಮೀರಿದ್ದು ಕಂಡರೆ ಕೇಳಬೇಡ ಎಂದಿದ್ದ ಮಾಮ. ಅದೊಂದೇ ಅಲ್ಲ. ಊರೆಲ್ಲ ಕೇಳುವಾಗ ತನ್ನ ತಂಗಿ ಮಾತು ಬಾರದ ಮೂಗಿಯ ಹಾಗೆ ಕೂತಿರುವುದು ಅವಳಿಗೆ ಬೇಡವಾಯಿತು. ಲಾಂಡ್ರಿಯವರಿಗೆ ಉತ್ತರ ಕೊಡಲು ಬರುವುದಿಲ್ಲ ಎಂದುಕೊಂಡಾರು ಎನಿಸಿತು. ತಂಗಿಯ ಮಾನ ಕಾಯುವವಳ ಹಾಗೆ ಕತ್ತರಿಸಿದಳು. ಬೆಸುಗೆ ಹಾಕಿದಳು. ಎರಡು ಸೆಕೆಂಡು ಹಿಂದೆ, ಎರಡು ಸೆಕೆಂಡು ಮುಂದೆ ಕೇಳಿದಳು. "…ನೋಡ್ಕೊಂಡ್ರಾ?" "ತುಂಬಾ ಚೆನ್ನಾಗಿ…" ಬೆಸುಗೆಯಲ್ಲಿ ಹನಿ ಎರಡು ಸಲ ಬಿತ್ತು, ಒಂದರ ಬೆನ್ನಿಗೊಂದು. ಅದೊಂದು ಕಲೆ ಉಳಿಯಿತು.

"ಮಾಮ, ಹನಿ ಜೋಡಿ ಬೀಳ್ತಿದೆ."

"ಯಾರು ಕೇಳ್ತಾರವ್ವ ನಲ್ಲಿ ಹನೀನ. ಬಿಡು. ಗಂಟೆಯಾಯ್ತು."

ಆ ದಿನ ಅವಳ ಮುಂದೆ ಹನ್ನೊಂದು ಚೀಟಿಗಳಿದ್ದವು. ಕಾರ್ಯಕ್ರಮ ಪ್ರಸಾರವಾದಾಗ ಅವಳು ಮುಂದಿನ ಚೀಟಿ ಕತ್ತರಿಸುತ್ತಿದ್ದಳು. ಅಂದು ಶನಿವಾರವಾದ್ದರಿಂದ ವಾಡಿಕೆಯಂತೆ ಮೂಲ ಧ್ವನಿಮುದ್ರಣವಿದ್ದ ವಾರದ ಕಾರ್ಡುಗಳನ್ನೆಲ್ಲ ಅಳಿಸಿ ಪುಸ್ತಕದಲ್ಲಿ ಸಹಿ ಹಾಕಿದಳು.

ಆ ಸಂಜೆ ನಗುನಗುತ್ತಲೇ ಮನೆಗೆ ಬಂದಳು. ಓಣಿಯ ಹೆಂಗಸರೆಲ್ಲ ಸೇರಿ ಕೇಳಿದ್ದರು, ಆದರೆ ಅವಳು ಬಂದಾಗ ಒಬ್ಬರೂ ಮಾತಾಡಿಸಲಿಲ್ಲ. ಬಾಗಿಲಲ್ಲಿದ್ದ ಅಮ್ಮ ಎದ್ದು ಒಳಗೆ ಹೋದಳು.

"ಯಾಕಮ್ಮ, ಕೇಳ್ಸಲಿಲ್ವಾ?"

"ಚೆನ್ನಾಗೇ ಕೇಳ್ಸಿತು. ನಿನ್ನ ತಂಗೀನ ಕೇಳು."

ತಂಗಿ ಗೋಡೆಗೆ ಒರಗಿ ಕೂತಿದ್ದಳು. "ಅಕ್ಕ, ನಾನು ಹಾಗಂದ್ನಾ?"

"ಏನಂತ?"

"ಆಸ್ಪತ್ರೆಯವರು ತುಂಬಾ ಚೆನ್ನಾಗಿ ನೋಡ್ಕೊಂಡ್ರು, ಏನೂ ಕಡಿಮೆ ಮಾಡಲಿಲ್ಲ ಅಂತ. ನನ್ನ ಪುಣ್ಯ ಅಂತ ಬೇರೆ. ನನ್ನ ದನಿನೇ. ನಾನೇ ಹೇಳಿದೀನಿ. ನನಗೆ ಹೇಳಿದ ನೆನಪೇ ಇಲ್ಲ ಕಣಕ್ಕ."

ಅಕ್ಕನ ಕಿವಿಯಲ್ಲಿ ಎರಡು ಹನಿ ಒಂದರ ಬೆನ್ನಿಗೊಂದು ಬಿದ್ದವು. ಆಗ ಅವಳಿಗೆ ಗೊತ್ತಾಯಿತು. ಬೆಸುಗೆ ಕೇಳಿದ್ದಳು, ಮಾತು ಕೇಳಿರಲಿಲ್ಲ. ತನ್ನ ಬಗ್ಗೆ ಹೇಳಿದ ಮಾತನ್ನು ಕೊಯ್ದು ಕೈ ತಿಂದವರ ಬಾಯಿಗೆ ಹಾಕಿದ್ದಳು.

ಹೇಳಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು.

"ಜ್ವರ ಇತ್ತಲ್ಲ," ಎಂದು ತಂಗಿಯೇ ಹೇಳಿಕೊಂಡಳು. "ಹೇಳಿದ್ರೂ ಹೇಳಿರ್ತೀನಿ. ಮಾತ್ರೆ ತಿಂದ್ರೆ ಏನೇನೋ ಒದರ್ತೀನಿ ಅಂತಿದ್ಳು ಅಮ್ಮ."

"ಮಲಕ್ಕೋ," ಎಂದಳು ಅಕ್ಕ. ಅಷ್ಟೆ.

ಐದು ತಿಂಗಳು ಅಷ್ಟೇ. ಕಾಯಂ ಆಗಲಿ, ಆಮೇಲೆ ಹೇಳುತ್ತೇನೆ ಎಂದು ದಿನಾ ಅಂದುಕೊಂಡಳು. ಮನೆಗೆ ಬರುತ್ತಿದ್ದದ್ದು ಈಗ ಅವಳೊಬ್ಬಳ ಸಂಬಳ, ಅದು ಹೋದರೆ ಮೂವರ ಬಾಯಿಗೂ ಮಣ್ಣು. ಕಾರಣವೇನೋ ನಿಜದ್ದೇ. ಆದರೆ ನಿಜವಾದ ಕಾರಣದ ಮರೆಯಲ್ಲೂ ಹೇಡಿತನ ಬಚ್ಚಿಟ್ಟುಕೊಳ್ಳುತ್ತದೆ. ತಂಗಿ ತನ್ನ ಮಾತನ್ನೇ ನಂಬದವಳಾದಳು. ಒಲೆ ಆರಿಸಿದ್ದೇನಾ ಎಂದು ಮೂರು ಸಲ ನೋಡುವಳು. ಯಾರಾದರೂ ಏನಾದರೂ ಕೇಳಿದರೆ ಅಮ್ಮನ ಕಡೆ ತಿರುಗಿ, "ನಾನು ನಿನ್ನೆ ಏನಂದೆ?" ಎನ್ನುವಳು. ಓಣಿಯಲ್ಲಿ, ರೋಲರ್ ಮುಂದೆ ನಿಲ್ಲುವ ಹೆಂಗಸರು ಅವಳೊಡನೆ ಮಾತು ಬಿಟ್ಟರು. "ಒಳಗೊಳಗೇ ಏನೋ ತಗೊಂಡಿರಬೇಕು ಬಿಡು. ಇಲ್ದಿದ್ರೆ ಕೈ ಹೋದೋಳು ಪುಣ್ಯ ಅಂತಾಳಾ?" ಮೂಲೆಯಲ್ಲಿಟ್ಟ ಕಂಬಿ ಮೂಲೆಯಲ್ಲೇ ಇತ್ತು. ಇನ್ನು ಅದನ್ನು ಕೇಳುವ ಬಾಯಿ ಇರಲಿಲ್ಲ.

ಆಸ್ಪತ್ರೆಯಿಂದ ನಿಲಯಕ್ಕೆ ಮೆಚ್ಚುಗೆಯ ಪತ್ರ ಬಂತು. ಅದನ್ನು ಬೋರ್ಡಿಗೆ ಅಂಟಿಸಿದರು. ಅಂಟಿಸಿದವಳು ಅವಳೇ. ಗೋಂದು ಹಚ್ಚುವುದೂ ಕಲಿಯುವವರ ಕೆಲಸ.

ವಿಚಾರಣೆಗೆ ವಾರವಿದ್ದಾಗ ಜೇನುಗಂಟಲಿನವನು ಕರೆದ. ಆಸ್ಪತ್ರೆಯ ವಕೀಲರು ಆ ಕಾರ್ಯಕ್ರಮವನ್ನು ಸಾಕ್ಷಿಯಾಗಿ ಕೇಳಿದ್ದರು. ಜೊತೆಗೊಂದು ಕಾಗದ: 'ಈ ಧ್ವನಿಮುದ್ರಣ ಮೂಲಕ್ಕೆ ಸರಿಯಾಗಿದೆ.' ಕೆಳಗೆ ಸಂಕಲನ ಮಾಡಿದವರ ಸಹಿಗೆ ಗೆರೆ.

"ನೀನೇ ತಗೊಂಡು ಹೋಗು. ಅಧಿಕಾರಿ ಮುಂದೆ ಸಹಿ ಹಾಕಿ ಕೊಟ್ಟು ಬಾ. ಸೋಮವಾರ ನಿನ್ನ ಕಾಯಂ ಆರ್ಡರಿಗೆ ಸಹಿ ಬೀಳತ್ತೆ."

"ಸರ್, ಅವಳು ಹಾಗೆ ಹೇಳಿಲ್ಲ. ನಿಮಗೆ ಗೊತ್ತು. ನೀವೇ ಕೇಳಿದ್ರಿ."

ಅವನು ದನಿ ಏರಿಸಲಿಲ್ಲ. ಅವನ ಗಂಟಲಿಗೆ ಅದರ ಅಭ್ಯಾಸವೇ ಇರಲಿಲ್ಲ. "ನಾನು ನನ್ನ ಪ್ರಶ್ನೆ ತೆಗಿ ಅಂದೆ. ಆ ಮೌನ ತೆಗಿ ಅಂತ ಎಲ್ಲಿ ಬರ್ದಿದೀನಿ, ಚೀಟಿ ತೋರ್ಸು. ಕತ್ತರಿ ಹಿಡಿದೋಳು ನೀನು ಕಣಮ್ಮ."

ನೇರ ಮೀಟರ್ ಮಾಮನ ಹತ್ತಿರ ಹೋದಳು. "ಮಾಮ, ಏಳನೇ ನಂಬರ್ ಕಾರ್ಡು. ಮೂಲ ಇದೆಯಾ?"

ಅವನು ಪುಸ್ತಕ ತೆಗೆದು ಅವಳ ಕಡೆ ತಿರುಗಿಸಿದ. ಅವಳದೇ ಸಹಿ. ಸಂಜೆಶಾಲೆಯಲ್ಲಿ ಕಲಿತ ದುಂಡು ಅಕ್ಷರ.

"ನೀನೇ ಅಳ್ಸಿದ್ದು," ಎಂದ. ಮೀಟರಿನ ಮುಳ್ಳಿನಿಂದ ಕಣ್ಣು ತೆಗೆದು ಮೊದಲ ಸಲ ಅವಳ ಮುಖ ನೋಡಿದ. "ನನ್ನನ್ನ ಅಲ್ಲಿಗೆ ಕರೀಬೇಡವ್ವ. ನನಗೆ ಪಿಂಚಣಿ ಇದೆ."

ಕಾರ್ಮಿಕ ಕಚೇರಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅಧಿಕಾರಿ, ಶೀತ ಹಿಡಿದ ಅವರ ಮೂಗು, ಹಿಂದಿನ ಬೆಂಚಿನಲ್ಲಿ ಲಾಂಡ್ರಿಯ ನಾಲ್ವರು ಹೆಂಗಸರು. ಮೇಸ್ತ್ರಿ ಕಿಟಕಿಯ ಹತ್ತಿರ ನಿಂತಿದ್ದ. ತಂಗಿ ಕಂಬಿಯ ವಿಷಯ ಹೇಳಿದಳು. ಹೇಳುತ್ತಾ ಹೇಳುತ್ತಾ ಅಮ್ಮನ ಕಡೆ ನೋಡಿದಳು, ಸರಿಯಾಗಿ ಹೇಳುತ್ತಿದ್ದೇನಾ ಎನ್ನುವ ಹಾಗೆ.

ವಕೀಲ ಎದ್ದ. "ರೇಡಿಯೋದಲ್ಲಿ ಅಷ್ಟು ಹೊತ್ತು ಮಾತಾಡಿದ್ರಲ್ಲ, ಈ ಕಂಬಿ ಅಲ್ಲಿ ಯಾಕೆ ಬರಲಿಲ್ಲ?"

"ಹೇಳಿದ್ದೆ ಅನ್ಸುತ್ತೆ."

"ಅನ್ಸುತ್ತೆ." ಅವನು ಕಾರ್ಯಕ್ರಮ ಹಾಕಿದ. ತಂಗಿಯ ದನಿ ಕೋಣೆ ತುಂಬಿತು. ತುಂಬಾ ಚೆನ್ನಾಗಿ ನೋಡ್ಕೊಂಡಿದಾರೆ. ಏನೂ ಕಡಿಮೆ ಮಾಡಿಲ್ಲ. ನನ್ನ ಪುಣ್ಯ. "ಇದು ಯಾರ ದನಿ?"

"ನಂದೇ."

"ಯಾರಾದ್ರೂ ಹೆದರಿಸಿ ಹೇಳಿಸಿದ್ರಾ?"

"ಇಲ್ಲ." ತಂಗಿಯ ತಲೆ ಬಗ್ಗಿತು. "ನಾನೇ ಹೇಳಿರಬೇಕು ಸ್ವಾಮಿ. ತಪ್ಪಾಯ್ತು."

ತಪ್ಪಾಯ್ತು ಎಂದಳು. ಕೈ ಕಳೆದುಕೊಂಡವಳು, ಎಲ್ಲರ ಮುಂದೆ, ಉಳಿದ ಒಂದು ಕೈಯನ್ನು ಎದೆಗಿಟ್ಟು. ಎರಡು ಕೈ ಇದ್ದಿದ್ದರೆ ಮುಗಿಯುತ್ತಿದ್ದಳು.

ನಿಲಯದವರು ಯಾರು ಎಂದು ಅಧಿಕಾರಿ ಕೇಳಿದರು. ಅಕ್ಕ ಮುಂದೆ ಹೋದಳು. ಗುಮಾಸ್ತ ಪೆನ್ನು ಕೊಟ್ಟ. ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ.

ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಸಹಿ ಹಾಕಲ್ಲ ಸ್ವಾಮಿ. ಇದು ಮೂಲಕ್ಕೆ ಸರಿಯಾಗಿಲ್ಲ. ಕಂಬಿ ಮಾತು ಇತ್ತು, ನಾನು ಕತ್ತರಿಸಿದೆ. ಆಸ್ಪತ್ರೆಯವರು ನೋಡ್ಕೊಂಡ್ರಾ ಅಂತ ಕೇಳಿದಾಗ ಅವಳು ಒಂದು ಮಾತೂ ಆಡಲಿಲ್ಲ. ಹತ್ತೊಂಬತ್ತು ಸೆಕೆಂಡು ಸುಮ್ಮನಿದ್ದಳು. ಅದನ್ನೂ ಕತ್ತರಿಸಿದೆ. ಚೆನ್ನಾಗಿ ನೋಡ್ಕೊಂಡಿದಾರೆ ಅಂದದ್ದು ನಮ್ಮನ್ನ. ನಮ್ಮಮ್ಮನ್ನ, ನನ್ನನ್ನ."

ವಕೀಲ ಕುರ್ಚಿಯಿಂದ ಏಳಲೂ ಇಲ್ಲ. "ನೀವು ನಿಲಯದಲ್ಲಿ ಏನು?"

"ಕಲೀತಿದೀನಿ."

"ದೂರುದಾರಳಿಗೆ ಏನಾಗಬೇಕು?"

"ಅಕ್ಕ."

"ಮೂಲ ಎಲ್ಲಿದೆ?"

"ಇಲ್ಲ. ಅಳಿಸಿದಾರೆ."

"ಯಾರು?"

"ನಾನೇ."

ಯಾರೋ ನಕ್ಕರು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ನಕ್ಕ. ಅಕ್ಕ ಕಾದಳು. ನಗು ಮುಗಿಯುವವರೆಗೆ ಕಾದಳು.

"ಅದೇ ಜಾಗ ಇನ್ನೊಂದು ಸಲ ಹಾಕಿ ಸ್ವಾಮಿ. ಮಾತು ಕೇಳಬೇಡಿ. ಹಿಂದೆ ನಲ್ಲಿ ಹನಿ ಬೀಳೋದು ಕೇಳಿ. ಒಂದೇ ಲೆಕ್ಕದಲ್ಲಿ ಬೀಳ್ತದೆ. ಪ್ರಶ್ನೆ ಮುಗಿದ ಜಾಗದಲ್ಲಿ ಎರಡು ಹನಿ ಒಂದರ ಬೆನ್ನಿಗೊಂದು ಬೀಳ್ತವೆ. ನೀರು ಹಾಗೆ ಬೀಳಲ್ಲ. ಮನುಷ್ಯರು ಉಸಿರು ತಗೊಳ್ದೆ ಉತ್ತರ ಹೇಳಲ್ಲ. ಅಲ್ಲಿ ಉಸಿರೂ ಇಲ್ಲ. ಅದು ನನ್ನ ಬೆಸುಗೆ."

ಅಧಿಕಾರಿ ಕರವಸ್ತ್ರ ಕೆಳಗಿಟ್ಟು ಹಾಕಿಸಿದರು. ಎರಡು ಸಲ. ಹಿಂದಿನ ಬೆಂಚಿನ ಹೆಂಗಸೊಬ್ಬಳು ಮುಂದಕ್ಕೆ ಬಾಗಿದಳು. ಟಪ್. ಟಪ್. ಟಪ್-ಟಪ್.

"ನಲ್ಲಿ ನೀರನ್ನ ಸಾಕ್ಷಿ ಕಟಕಟೆಗೆ ಕರಿಯೋಣವೇ?" ಎಂದ ವಕೀಲ.

ಅಧಿಕಾರಿ ನಗಲಿಲ್ಲ. ಏನೋ ಬರೆದುಕೊಂಡರು. ಮುಂದಿನ ತಾರೀಖು ಕೊಟ್ಟರು.

ಆ ಬಾಗಿದ ಹೆಂಗಸು ಎದ್ದು ನಿಂತಳು. ಯಾರೂ ಅವಳನ್ನು ಕೇಳಿರಲಿಲ್ಲ. "ಕಂಬಿ ಇನ್ನೂ ಮೂಲೇಲೇ ಐತೆ ಸ್ವಾಮಿ. ಬೇಕಾದ್ರೆ ಬಂದು ನೋಡಿ." ಮೇಸ್ತ್ರಿ ಕಿಟಕಿ ಬಿಟ್ಟು ಅವಳ ಕಡೆ ತಿರುಗಿದ. ಅವಳು ಕೂರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ತಂಗಿ ನಿಂತಿದ್ದಳು. ಅಕ್ಕ ಹತ್ತಿರ ಹೋದಳು. ತೋಳು ಹಿಡಿಯಲು ಕೈ ಚಾಚಿದಳು.

"ನಾನು ಹೇಳಿರಲಿಲ್ಲ," ಎಂದಳು ತಂಗಿ.

"ಇಲ್ಲ ಕಣೇ. ನೀನು ಹೇಳಿರಲಿಲ್ಲ."

"ಐದು ತಿಂಗಳು ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ದಿನಾ ನಿನ್ನ ಪಕ್ಕದಲ್ಲೇ ಮಲಗ್ತಿದ್ದೆ. ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮೇಸ್ತ್ರಿ ನನ್ನ ಕೈ ತಗೊಂಡ. ಅವನು ನನಗೇನು ಆಗಬೇಕು, ತಗೊಂಡ." ಅವಳು ಅಳಲಿಲ್ಲ. "ನೀನು ಅಕ್ಕ ಅಲ್ವಾ?"

ಅಮ್ಮನ ಕೈ ಹಿಡಿದು ಮೆಟ್ಟಿಲಿಳಿದು ಹೋದಳು. ಅಕ್ಕ ಹತ್ತು ಹೆಜ್ಜೆ ಹಿಂದೆ ನಡೆದಳು. ಮನೆಯವರೆಗೂ ಹತ್ತು ಹೆಜ್ಜೆ ಹಿಂದೆಯೇ ನಡೆದಳು.

ಸೋಮವಾರ ನಿಲಯದ ಕಾವಲುಗಾರ ಗೇಟಿನಲ್ಲೇ ತಡೆದ. ಆ ವಾರದ 'ದುಡಿಯುವವರ ದನಿ' ಎಂದಿನಂತೆ ಬಂತು. ಬೇರೆ ಓಣಿ, ಬೇರೆ ಬೀಗದ ಕೈ.

ಎರಡು ತಿಂಗಳ ಮೇಲೆ ಆದೇಶ ಬಂತು. ಧ್ವನಿಮುದ್ರಣ ನಂಬಲರ್ಹವಲ್ಲ, ಅದನ್ನು ಪರಿಗಣಿಸಿಲ್ಲ. ದೂರುದಾರಳ ಅಕ್ಕನ ಹೇಳಿಕೆಯೂ ನಂಬಲರ್ಹವಲ್ಲ, ಅದನ್ನೂ ಪರಿಗಣಿಸಿಲ್ಲ. ತಪ್ಪು ಇಬ್ಬರದೂ ಇದೆ. ಇಬ್ಬರು ಎಂದರೆ ಯಂತ್ರ ಮತ್ತು ತಂಗಿ. ಮೇಸ್ತ್ರಿಯ ಮಾತೇ ಅದರಲ್ಲಿ ಬರಲಿಲ್ಲ. ಆದರೆ ಆದೇಶ ಬರುವ ಮುಂಚೆಯೇ, ಯಾರಿಗೂ ಏನೂ ಹೇಳದೆ, ಒಂದು ಭಾನುವಾರ ಕಂಬಿಯನ್ನು ಮತ್ತೆ ರೋಲರಿಗೆ ಹಾಕಿ ಹಳದಿ ಬಣ್ಣ ಬಳಿದಿದ್ದರು. ಯಾವಾಗಲೂ ಅಲ್ಲೇ ಇತ್ತು ಎನ್ನುವ ಹಾಗೆ.

ಮೇಸ್ತ್ರಿಯನ್ನು ಬೇರೆ ಕಡೆಗೆ ಕಳಿಸಿದ್ದರು. ಹೊಸ ಮೇಸ್ತ್ರಿಗೆ ಆಳು ಬೇಕಿತ್ತು. ಅಕ್ಕ ಹೋಗಿ ನಿಂತಳು. ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಕಥೆ ಅವನಿಗೂ ತಲುಪಿತ್ತು.

"ಕೈ ತಗೊಂಡು ಬಾ. ಬಾಯಿ ತರಬೇಡ."

"ಎರಡೂ ಒಂದೇ ಮೈಗೆ ಅಂಟ್ಕೊಂಡಿದಾವೆ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ," ಎಂದಳು.

ಅವನಿಗೆ ಆಳು ತುರ್ತಾಗಿ ಬೇಕಿತ್ತು. ರೋಲರ್ ಮುಂದೆ ನಿಲ್ಲಿಸಿದ. ತಂಗಿ ನಿಲ್ಲುತ್ತಿದ್ದ ಜಾಗ. ಆ ಯಂತ್ರಕ್ಕೆ ಯಾರೂ ಹೋಗಲೊಪ್ಪುತ್ತಿರಲಿಲ್ಲ.

ಮನೆಯಲ್ಲಿ ತಂಗಿ ಅವಳೊಡನೆ ಮಾತಾಡುತ್ತಿರಲಿಲ್ಲ. ಕೈ ಹೋದಂದಿನಿಂದ ದಿನಾ ಬೆಳಿಗ್ಗೆ ಅಕ್ಕನೇ ಅವಳಿಗೆ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಈಗ ಬಾಚಣಿಗೆ ಹಿಡಿದು ಬಂದರೆ ತಂಗಿ ಗೋಡೆಗೆ ತಿರುಗುವಳು. ಒಂದೇ ಕೈಯಲ್ಲಿ ಜಡೆ ಬರುವುದಿಲ್ಲ. ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಮೊಂಡಿನ ಕೆಳಗೆ ಅಮುಕಿ ಪ್ರಯಾಸಪಟ್ಟು ಹೆಣೆಯುವಳು. ಬಿಚ್ಚಿಹೋಗುವುದು. ಮತ್ತೆ ಹೆಣೆಯುವಳು. ಅಮ್ಮನನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಕ್ಕ ಬಾಗಿಲ ಹತ್ತಿರ ಕೂತು ನೋಡುವಳು. ಸಹಾಯ ಮಾಡದೆ ನೋಡುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತಳು.

ರೋಲರಿಗೆ ಹೋಗತೊಡಗಿ ಹದಿಮೂರನೆಯ ದಿನ. ಸಂಜೆ ಬಂದು ಹೊರಗೆ ಕಾಲು ತೊಳೆಯುತ್ತಿದ್ದಳು. ಒಳಗಿನಿಂದ ತಂಗಿಯ ದನಿ ಬಂತು. ಹಲ್ಲಿನಲ್ಲಿ ಕೂದಲು ಕಚ್ಚಿಕೊಂಡೇ ಕೇಳಿದ ದನಿ.

"ಕಂಬಿ ಗಟ್ಟಿ ಇದೆಯಾ?"

ಅಕ್ಕನ ಕೈಯಲ್ಲಿದ್ದ ಚೊಂಬು ನಿಂತಿತು.

"ಗಟ್ಟಿ ಇದೆ. ಅಲ್ಲಾಡಿಸಿ ನೋಡಿದೆ."

ಬಹಳ ಹೊತ್ತು ಏನೂ ಬರಲಿಲ್ಲ. ಅಕ್ಕ ಒಳಗೆ ಹೋಗಲಿಲ್ಲ. ಉಸಿರು ಹಿಡಿದು ಅಲ್ಲೇ ನಿಂತಳು.

"ದಿನಾ ಅಲ್ಲಾಡಿಸಿ ನೋಡು," ಎಂದಳು ತಂಗಿ.